ಪಾಲಿಗೆ ಬಂದದ್ದು ಪಂಚಾಮೃತವೆ?

"ಪಾಲಿಗೆ ಬಂದದ್ದು ಪಂಚಾಮೃತ" ಎಂಬ ಗಾದೆಯನ್ನು ನಮ್ಮ ಹಿರಿಯರು ಸಂತೃಪ್ತಿಯ ಪಾಠವಾಗಿ ಹೇಳುತ್ತಿದ್ದರು. ದೇವರ ಪ್ರಸಾದವಾಗಲಿ, ಅಣ್ಣತಮ್ಮಂದಿರು ಹಂಚಿಕೊಂಡ ಹೊಲವಾಗಲಿ, ತನ್ನ ಕೈಗೆ ಬಂದಷ್ಟನ್ನು ಕಣ್ಣಿಗೊತ್ತಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಈಗ ಪಾಲು ಎಂಬ ಮಾತಿಗೆ ಇನ್ನೊಂದು ಅರ್ಥವೂ ಸೇರಿದೆ. ಕಂಪೆನಿಯ ಬಂಡವಾಳದಲ್ಲಿ ಕೊಂಡ ಅಂಶಕ್ಕೂ ಪಾಲು ಎನ್ನುತ್ತೇವೆ. ಷೇರು ಎಂದರೆ ಅದೇ. ಇಂಥ ಪಾಲು ಪಂಚಾಮೃತವಾಗುವುದೂ ಉಂಟು, ಬರಿಯ ನೀರಾಗುವುದೂ ಉಂಟು. ಅದು ಯಾವಾಗ ಯಾವುದಾಗುತ್ತದೆ ಎಂಬುದನ್ನು ನಮ್ಮ ಸೀಮೆಯ ಇತಿಹಾಸದಿಂದಲೇ ಸ್ವಲ್ಪಮಟ್ಟಿಗೆ ತಿಳಿಯಬಹುದಾಗಿದೆ. ಈ ಲೇಖನದ ಉದ್ದೇಶ ಅಷ್ಟೆ.

ಮೊದಲು ಇದನ್ನು ಬರೆಯಲು ಕಾರಣವಾದ ಸಂಗತಿಯನ್ನು ಹೇಳಿಬಿಡುತ್ತೇನೆ. ನನ್ನ ಸಹೋದ್ಯೋಗಿಯೊಬ್ಬರು ಚಿಂಚೋಳಿಯ ಕಡೆಯ ಹಳ್ಳಿಯವರು, ಗಣಿತ ಹೇಳಿಕೊಡುವವರು, ಲೆಕ್ಕದಲ್ಲಿ ಎಂದೂ ತಪ್ಪಿದವರಲ್ಲ. ಮಗಳ ಓದಿಗೆಂದು ಕೂಡಿಟ್ಟ ಹಣದಲ್ಲಿ ಒಂದು ಸಣ್ಣ ಕಂಪೆನಿಯ 2,000 ಷೇರುಗಳನ್ನು 58 ರೂಪಾಯಿಯಂತೆ ಕೊಂಡಿದ್ದರು. ಕಾಲೇಜಿನ ಶುಲ್ಕ ಕಟ್ಟುವ ವಾರ ಬಂದಾಗ ದೂರವಾಣಿಯ ಪರದೆಯ ಮೇಲೆ 62 ಎಂದು ಕಂಡಿತು. ಮನಸ್ಸಿನಲ್ಲೇ ಗುಣಿಸಿ, 1,24,000 ರೂಪಾಯಿ ಬರುವುದೆಂದು ನಂಬಿ, ಬಂದ ಬೆಲೆಗೆ ಮಾರಿಬಿಡಿ ಎಂದು ಆಜ್ಞೆ ಕೊಟ್ಟರು. ಕೈಗೆ ಬಂದದ್ದು 96,600 ರೂಪಾಯಿ. ಎಂಟು ಸಾವಿರ ಲಾಭವೆಂದು ಎಣಿಸಿದ್ದ ಕಡೆ ಹತ್ತೊಂಬತ್ತು ಸಾವಿರದ ನಾನೂರು ನಷ್ಟ. ಮರುದಿನ ಅಧ್ಯಾಪಕರ ಕೊಠಡಿಯಲ್ಲಿ ಅವರು ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಪಂಡಿತರೆ, ಅರವತ್ತೆರಡು ಎಂದು ಬರೆದಿತ್ತಲ್ಲ, ಅದು ಸುಳ್ಳೆ?"

ಸುಳ್ಳಲ್ಲ. ಆದರೆ ಅದು ಅವರ ಬೆಲೆಯೂ ಅಲ್ಲ. ಇದು ಹೇಗೆಂಬುದನ್ನು ತಿಳಿಯಬೇಕಾದರೆ ದನದ ಸಂತೆಗೆ ಹೋಗಿಬರಬೇಕು.

ನಮ್ಮ ಕಡೆಯ ಸಂತೆಗಳಲ್ಲಿ ಎತ್ತಿನ ವ್ಯಾಪಾರವನ್ನು ನೋಡಿದವರಿಗೆಲ್ಲ ಒಂದು ದೃಶ್ಯ ನೆನಪಿರುತ್ತದೆ. ದಲಾಲಿಯು ಕೊಳ್ಳುವವನ ಕೈಮೇಲೆ ಟವೆಲು ಹೊದಿಸಿ, ಅದರ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಸೂಚಿಸುತ್ತಾನೆ. ಬಳಿಕ ಮಾರುವವನ ಕೈಯನ್ನೂ ಹಾಗೆಯೇ ಹಿಡಿಯುತ್ತಾನೆ. ಸುತ್ತ ನಿಂತ ನಾಲ್ಕು ಜನಕ್ಕೆ ಏನೂ ತಿಳಿಯದು. ಒಂದು ಎತ್ತಿಗೆ ಅಲ್ಲಿ ಒಂದು ಬೆಲೆ ಇರುವುದಿಲ್ಲ, ಎರಡು ಇರುತ್ತವೆ. ಮಾರುವವನು ಕೇಳುವ ಬೆಲೆ ಒಂದು; ಕೊಳ್ಳುವವನು ಕೊಡಲೊಪ್ಪುವ ಬೆಲೆ ಇನ್ನೊಂದು. ಇವೆರಡರ ನಡುವಿನ ಅಂತರದಲ್ಲಿ ದಲಾಲಿಯ ಜೀವನ. ಎತ್ತುಗಳು ಬಹಳ, ಗಿರಾಕಿಗಳೂ ಬಹಳ ಎಂದಾಗ ಈ ಅಂತರ ಕಿರಿದಾಗುತ್ತದೆ. ಸಂಜೆಯಾಗಿ ಸಂತೆ ಬಿಡುವ ಹೊತ್ತಿಗೆ ಒಬ್ಬನೇ ಗಿರಾಕಿ ಉಳಿದಿದ್ದರೆ ಅಂತರ ಹಿರಿದಾಗುತ್ತದೆ. ಬೆಳಗ್ಗೆ ಒಂದು ಜೋಡಿ ಎತ್ತು ಇಷ್ಟಕ್ಕೆ ಹೋಯಿತಂತೆ ಎಂಬ ಸುದ್ದಿ ಸಂಜೆ ಮಾರುವವನಿಗೆ ಸಮಾಧಾನ ಕೊಡಬಹುದು, ಹಣ ಕೊಡದು.

ಪರದೆಯ ಮೇಲೆ ಕಂಡ 62 ಎಂಬುದು ಬೆಳಗಿನ ಆ ಜೋಡಿಯ ಸುದ್ದಿ. ಯಾರೋ ಒಬ್ಬರು ಎಲ್ಲರಿಗಿಂತ ಕಡೆಯಲ್ಲಿ ಕೆಲವೇ ಷೇರುಗಳನ್ನು ಆ ಬೆಲೆಗೆ ಕೊಂಡಿದ್ದರು. ನನ್ನ ಮಿತ್ರರು ಮಾರಲು ನಿಂತಾಗ ಅಲ್ಲಿದ್ದ ಗಿರಾಕಿಗಳು ಮೂವರು: 51 ರೂಪಾಯಿಗೆ 500 ಷೇರು ಬೇಕೆಂದವನು ಒಬ್ಬ, 49ಕ್ಕೆ 700 ಬೇಕೆಂದವನು ಒಬ್ಬ, 46ಕ್ಕೆ 800 ಬೇಕೆಂದವನು ಒಬ್ಬ. 25,500, 34,300, 36,800, ಕೂಡಿಸಿದರೆ 96,600. ಯಂತ್ರವು ಮೋಸ ಮಾಡಲಿಲ್ಲ. ಮೇಲಿನಿಂದ ಕೆಳಕ್ಕೆ ಇದ್ದ ಗಿರಾಕಿಗಳಿಗೆಲ್ಲ ಕ್ರಮವಾಗಿ ಮಾರಿಕೊಟ್ಟಿತು. ಲೆಕ್ಕದ ಮೇಷ್ಟ್ರು ಗುಣಾಕಾರದಲ್ಲಿ ತಪ್ಪಲಿಲ್ಲ. ಗುಣಿಸಬೇಕಾದ ಸಂಖ್ಯೆಯನ್ನು ಆರಿಸುವುದರಲ್ಲಿ ತಪ್ಪಿದರು.

ಇದು ಹೊಸಗಾಲದ ತೊಡಕು ಎಂದು ಯಾರೂ ಭಾವಿಸಬೇಕಾಗಿಲ್ಲ. ಶಹಾಬಾದಿನ ಸಮೀಪದ ಮರತೂರು ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧವಾಗಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ಈ ಮಹಾಪಂಡಿತನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ದಾಯಭಾಗದ ವಿಷಯದಲ್ಲಿ ಭಾರತದ ಬಹುಭಾಗದ ನ್ಯಾಯಸ್ಥಾನಗಳಿಗೆ ಆಧಾರವಾಯಿತೆಂಬುದು ಎಲ್ಲರೂ ಬಲ್ಲ ವಿಷಯ. ಅಣ್ಣತಮ್ಮಂದಿರ ಪಾಲನ್ನು ಕುರಿತು ಅವನು ಹೇಳಿದ್ದನ್ನು ವಕೀಲರು ಇಂದಿಗೂ ನೆನೆಯುತ್ತಾರೆ. ವ್ಯಾಪಾರಿಗಳ ಪಾಲನ್ನು ಕುರಿತು ಅದೇ ಗ್ರಂಥ ಹೇಳುವುದನ್ನು ನೆನೆಯುವವರು ವಿರಳ.

ಸಂಭೂಯ ಸಮುತ್ಥಾನ ಎಂಬ ಪ್ರಕರಣ ಅದರಲ್ಲಿದೆ. ಹಲವರು ಕೂಡಿ ಬಂಡವಾಳ ಹೂಡಿ ವ್ಯಾಪಾರ ಮಾಡುವುದು ಎಂದು ಅದರ ಅರ್ಥ. ಲಾಭವಾಗಲಿ ನಷ್ಟವಾಗಲಿ ಹೂಡಿದ ದ್ರವ್ಯಕ್ಕೆ ತಕ್ಕಂತೆಯೋ ಮೊದಲೇ ಮಾಡಿಕೊಂಡ ಕರಾರಿನಂತೆಯೋ ಹಂಚಿಕೆಯಾಗಬೇಕು ಎಂಬುದು ಅಲ್ಲಿಯ ಮೂಲನಿಯಮ. ಕೂಡಿದವರಲ್ಲಿ ಒಬ್ಬನು ವಂಚಕನಾದರೆ ಅವನಿಗೆ ಲಾಭವನ್ನು ಕೊಡದೆ ಹೊರಗೆ ಹಾಕಬೇಕು. ಬೆಲೆಯ ವಿಷಯವಾಗಿಯೂ ಸ್ಪಷ್ಟವಾದ ಮಾತುಗಳಿವೆ. ಕೊಂಡ ಕೂಡಲೆ ಮಾರುವ ವರ್ತಕನು ಸ್ವದೇಶದ ಸರಕಿನ ಮೇಲೆ ನೂರಕ್ಕೆ ಐದು, ಪರದೇಶದ ಸರಕಿನ ಮೇಲೆ ನೂರಕ್ಕೆ ಹತ್ತು ಲಾಭ ತೆಗೆದುಕೊಳ್ಳಬಹುದು. ಇದು ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರಕ್ಕೆ ಹಾಕಿದ ಕಟ್ಟಲ್ಲದೆ ಮತ್ತೇನು? ವರ್ತಕರು ಒಟ್ಟುಗೂಡಿ ಬೆಲೆಯನ್ನು ತಮಗೆ ಬೇಕಾದಂತೆ ಏರಿಸಿ ಇಳಿಸಿ ಜನಕ್ಕೆ ಪೀಡೆ ಮಾಡಿದರೆ ಉತ್ತಮ ಸಾಹಸವೆಂಬ, ದಂಡಗಳಲ್ಲೆಲ್ಲ ದೊಡ್ಡದಾದ ದಂಡ. ಒಂಬೈನೂರು ವರ್ಷಗಳ ಹಿಂದೆಯೇ ನಮ್ಮ ಸೀಮೆಯ ವಿದ್ವಾಂಸನೊಬ್ಬನು ಈ ಮಾತುಗಳಿಗೆ ಅರ್ಥ ಬರೆಯುತ್ತ ಕುಳಿತಿದ್ದನೆಂದರೆ, ಆಗಲೂ ಕೂಡಿ ಬೆಲೆ ಕಟ್ಟುವವರು ಇದ್ದರೆಂದೇ ತಿಳಿಯಬೇಕು.

ಇನ್ನು ಪ್ರಕೃತಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಸೀಮೆಗೆ ಲಂಡನ್ನಿನ ಷೇರುಪೇಟೆಯ ಸಂಬಂಧ ಒದಗಿದ್ದು ರೈಲಿನ ಮೂಲಕ. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಕಲಬುರಗಿ, ಶಹಾಬಾದ, ವಾಡಿಗಳನ್ನು ಹಾಯ್ದು 1871ರಲ್ಲಿ ರಾಯಚೂರನ್ನು ಮುಟ್ಟಿ ಮದರಾಸಿನ ಹಳಿಯನ್ನು ಕೂಡಿತು. ವಾಡಿಯಿಂದ ಕವಲೊಡೆದು ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರುಗಳ ಮೇಲೆ ಸಿಕಂದರಾಬಾದಿಗೆ ಹೋಗುವ ನಿಜಾಮರ ರೈಲ್ವೆ 1874ರಲ್ಲಿ ತೆರೆಯಿತು. ಇಂದು ನಾವು ತರಕಾರಿ ಬುಟ್ಟಿಯನ್ನಿಟ್ಟುಕೊಂಡು ಕೂಡುವ ಈ ಗಾಡಿಯ ಹಿಂದೆ ಬಂಡವಾಳದ ದೊಡ್ಡ ಕಥೆ ಇದೆ.

ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗರು 1883ರಲ್ಲಿ ತೀರಿಕೊಂಡರು. ಅದೇ ಸುಮಾರಿಗೆ ಈ ರೈಲ್ವೆಯನ್ನು ಲಂಡನ್ನಿನಲ್ಲಿ ಸ್ಥಾಪಿಸುವ ಕಂಪೆನಿಯೊಂದಕ್ಕೆ ಒಪ್ಪಿಸಿ ಹಳಿಯನ್ನು ಚಾಂದಾದ ಕಡೆಗೆ ಬೆಳೆಸುವ ಮಾತುಕತೆ ನಡೆಯುತ್ತಿತ್ತು. ಕಂಪೆನಿಯ ಬಂಡವಾಳಕ್ಕೆ ನೂರಕ್ಕೆ ಐದರಂತೆ ಇಪ್ಪತ್ತು ವರ್ಷ ನಿಜಾಮ್ ಸರ್ಕಾರವೇ ಹೊಣೆ ನಿಲ್ಲಬೇಕು ಎಂಬುದು ಷರತ್ತು. ರೈಲು ಲಾಭ ತಂದರೆ ಷೇರುದಾರನಿಗೆ, ತಾರದಿದ್ದರೆ ಬೊಕ್ಕಸದಿಂದ. ಈ ಒಪ್ಪಂದದ ವಿವರ ಪ್ರಜೆಗಳಿಗೆ ತಿಳಿಯಬೇಕೆಂದು ಹೈದರಾಬಾದಿನ ವಿದ್ಯಾವಂತರು 1883ರಲ್ಲಿ ಚಳವಳಿ ಹೂಡಿದರು. ಅದರಲ್ಲಿ ಮುಂದಾಗಿ ನಿಂತ ಅಘೋರನಾಥ ಚಟ್ಟೋಪಾಧ್ಯಾಯರನ್ನು ಸರ್ಕಾರ ರಾಜ್ಯದಿಂದ ಗಡೀಪಾರು ಮಾಡಿತು. ಇವರು ಸರೋಜಿನಿ ನಾಯಿಡು ಅವರ ತಂದೆ. ಲೆಕ್ಕ ತೋರಿಸಿ ಎಂದು ಕೇಳಿದ್ದೇ ಅವರ ಅಪರಾಧ.

ಈ ರೈಲ್ವೆಯ ಮಾತುಕತೆಯನ್ನು ಸರ್ಕಾರದ ಪರವಾಗಿ ನಡೆಸಿದವರು ಅಬ್ದುಲ್ ಹಕ್ ಎಂಬ ಅಧಿಕಾರಿ. ಸರ್ದಾರ್ ದಿಲೇರ್ ಉಲ್ ಮುಲ್ಕ್ ಎಂಬುದು ಅವರ ಬಿರುದು. ಬುದ್ಧಿವಂತರು, ಇಂಗ್ಲಿಷ್ ಬಲ್ಲವರು, ಲಂಡನ್ನಿನ ಹಣದ ಪೇಟೆಯ ಒಳಹೊರಗನ್ನು ಕಂಡವರು. ಮುಂದಿನ ಕಥೆಯ ನಾಯಕರೆನ್ನಿ, ಪ್ರತಿನಾಯಕರೆನ್ನಿ, ಇವರೇ.

1886ರ ಜನವರಿಯಲ್ಲಿ ನಿಜಾಮ್ ಸರ್ಕಾರವು ವಾಟ್ಸನ್ ಮತ್ತು ಸ್ಟೂವರ್ಟ್ ಎಂಬ ಇಬ್ಬರು ಆಂಗ್ಲರಿಗೆ ತನ್ನ ರಾಜ್ಯದ ಖನಿಜಗಳ ಹಕ್ಕನ್ನು 99 ವರ್ಷಗಳ ಮಟ್ಟಿಗೆ ಕೊಟ್ಟಿತು. ಸಿಂಗರೇಣಿಯ ಕಲ್ಲಿದ್ದಲು, ರಾಯಚೂರು ಜಿಲ್ಲೆಯ ಚಿನ್ನದ ನೆಲ, ಎಲ್ಲವೂ ಅದರೊಳಗೆ. ಅವರು ಅದೇ ವರ್ಷ ಲಂಡನ್ನಿನಲ್ಲಿ ಹೈದರಾಬಾದ್ ಡೆಕ್ಕನ್ ಕಂಪೆನಿಯನ್ನು ಸ್ಥಾಪಿಸಿದರು. ಬಂಡವಾಳ ಹತ್ತು ಲಕ್ಷ ಪೌಂಡು. ಹತ್ತು ಪೌಂಡಿನ ಒಂದು ಲಕ್ಷ ಷೇರುಗಳು. ಇಷ್ಟು ಕೇಳಿದವನು ಗಣಿಯಲ್ಲಿ ಹತ್ತು ಲಕ್ಷ ಪೌಂಡು ಹೂಡಿದ್ದಾರೆಂದು ತಿಳಿಯುವುದು ಸಹಜ.

ಒಳಗಿನ ಲೆಕ್ಕ ಬೇರೆ. ಆ ಒಂದು ಲಕ್ಷ ಷೇರುಗಳಲ್ಲಿ 85,000 ಷೇರುಗಳನ್ನು ಹಕ್ಕು ಪಡೆದವರು, ತಾವು ಕಂಪೆನಿಗೆ ಆ ಹಕ್ಕನ್ನು ಒಪ್ಪಿಸಿದ್ದಕ್ಕೆ ಪ್ರತಿಫಲವೆಂದು, ಪೂರ್ತಿ ಹಣ ಸಂದ ಷೇರುಗಳೆಂಬ ಹೆಸರಿನಲ್ಲಿ ತಾವೇ ಇರಿಸಿಕೊಂಡರು. ಎಂಟೂವರೆ ಲಕ್ಷ ಪೌಂಡಿನ ಈ ಷೇರುಗಳಿಂದ ಗಣಿಗೆ ಒಂದು ಗುದ್ದಲಿಯೂ ಬರಲಿಲ್ಲ. ಮಿಕ್ಕ 15,000 ಷೇರುಗಳೇ ನಿಜವಾಗಿ ಹಣ ತರಬೇಕಾದವು. ಪೂರ್ತಿಯಾಗಿ ತಂದರೂ ಒಂದೂವರೆ ಲಕ್ಷ ಪೌಂಡು ಮಾತ್ರ.

ಈಗ ಷೇರುಪೇಟೆಯಲ್ಲಿ ಇದರ ಬೆಲೆ ಹೇಗೆ ಹುಟ್ಟುತ್ತದೆ ಎಂಬುದನ್ನು ಗಮನಿಸಿ. ಆಗಿನ ಲಂಡನ್ ಪೇಟೆಯಲ್ಲಿ ಜಾಬರ್ ಎಂಬ ವರ್ತಕನು ತನ್ನ ಸ್ವಂತ ಹೊಣೆಯ ಮೇಲೆ ಷೇರು ಕೊಂಡು ಮಾರುವವನು. ಬ್ರೋಕರ್ ಎಂಬವನು ಗಿರಾಕಿಯ ಪರವಾಗಿ ಅವನ ಬಳಿಗೆ ಹೋಗುವವನು. ಜಾಬರನು ಯಾವಾಗಲೂ ಎರಡು ಬೆಲೆಗಳನ್ನು ಹೇಳುತ್ತಿದ್ದನು: ಇಷ್ಟಕ್ಕೆ ಕೊಳ್ಳುವೆ, ಇಷ್ಟಕ್ಕೆ ಮಾರುವೆ. ಈ ಪದ್ಧತಿ ಅಲ್ಲಿ 1986ರ ತನಕ ನಡೆಯಿತು. ಕಂಪೆನಿ ದೊಡ್ಡದಾಗಿ, ಷೇರುಗಳು ಸಾವಿರಾರು ಕೈಗಳಲ್ಲಿ ಹಂಚಿಹೋಗಿದ್ದರೆ, ಆ ಎರಡು ಬೆಲೆಗಳು ಸಾವಿರಾರು ಜನರ ತೀರ್ಪಿನಿಂದ ನಿಲ್ಲುತ್ತವೆ. ಆದರೆ ನೂರಕ್ಕೆ ಎಂಬತ್ತೈದು ಷೇರುಗಳು ಒಂದೇ ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡು ಕುಳಿತಿದ್ದರೆ? ಹೊರಗೆ ಓಡಾಡುವವು ಹದಿನೈದು. ಅವುಗಳಲ್ಲಿ ಕೆಲವನ್ನು ಯಾರಾದರೂ ಏರುಬೆಲೆಗೆ ಕೊಂಡರೆ ಸಾಕು, ಪತ್ರಿಕೆಯಲ್ಲಿ ಆ ಬೆಲೆಯೇ ಅಚ್ಚಾಗುತ್ತದೆ. ಪೆಟ್ಟಿಗೆಯಲ್ಲಿರುವ ಎಂಬತ್ತೈದಕ್ಕೂ ಅದೇ ಬೆಲೆ ಎಂದು ಜನ ತಿಳಿಯುತ್ತಾರೆ. ಕೆರೆಯ ತೂಬಿನ ಬಳಿ ಒಂದು ಬಿಂದಿಗೆ ನೀರನ್ನು ಸಿಹಿ ಮಾಡಿ, ಕೆರೆಯೆಲ್ಲ ಸಿಹಿ ಎಂದು ಸಾರಿದಂತೆ ಇದು.

ಹತ್ತು ಪೌಂಡಿನ ಷೇರಿಗೆ ಪೇಟೆಯಲ್ಲಿ ಹನ್ನೆರಡು ಪೌಂಡು ಎಂಬ ಬೆಲೆ ಹುಟ್ಟಿತು. ನಿಜಾಮ್ ಸರ್ಕಾರಕ್ಕೂ ಈ ಕಂಪೆನಿಯಲ್ಲಿ ಪಾಲಿರಬೇಕು ಎಂಬ ಸಲಹೆ ಬಂತು. ಸರ್ಕಾರವು ಹತ್ತು ಸಾವಿರ ಷೇರುಗಳನ್ನು ಹನ್ನೆರಡು ಪೌಂಡಿನಂತೆ ಕೊಂಡಿತು. ಒಂದು ಲಕ್ಷ ಇಪ್ಪತ್ತು ಸಾವಿರ ಪೌಂಡು; ಆಗಿನ ವಿನಿಮಯದಲ್ಲಿ ಹದಿನೈದು ಲಕ್ಷ ರೂಪಾಯಿಗೂ ಮೀರಿದ ಹಣ. ಹೈದರಾಬಾದಿನಲ್ಲಿದ್ದವರು ಇದನ್ನು ಪೇಟೆಯಲ್ಲಿ ಕೊಂಡ ಸರಕೆಂದು ತಿಳಿದಿದ್ದರು. ಮಾರಿದವರು ಯಾರು? ಪೆಟ್ಟಿಗೆಯಲ್ಲಿದ್ದ 85,000 ಷೇರುಗಳಲ್ಲಿ ಅಬ್ದುಲ್ ಹಕ್ಕರಿಗೂ ಗುಟ್ಟಾಗಿ ದೊಡ್ಡ ಪಾಲು ಸಂದಿತ್ತು. ಸರ್ಕಾರದ ಪರವಾಗಿ ಕೊಳ್ಳುವ ವ್ಯವಹಾರದ ಹಿಂದೆ ಇದ್ದವರೂ ಅವರೇ. ಮಾರುವ ಕೈಯೂ ಅವರದೇ. ಟವೆಲಿನ ಕೆಳಗೆ ಹಿಡಿದ ಎರಡು ಕೈಗಳೂ ಒಬ್ಬನವೇ ಆದರೆ ಬೆರಳು ಎಷ್ಟು ಹೇಳಿದರೂ ಬೆಲೆಯೇ.

ಗುಟ್ಟು ಬಹಳ ದಿನ ನಿಲ್ಲಲಿಲ್ಲ. 1888ರಲ್ಲಿ ಅಬ್ದುಲ್ ಹಕ್ಕರು ಅಧಿಕಾರವನ್ನು ಕಳೆದುಕೊಂಡರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟಿನ ಕಾಮನ್ಸ್ ಸಭೆಯು ಆಯ್ಕೆ ಸಮಿತಿಯೊಂದನ್ನು ನೇಮಿಸಿ ಈ ಕಂಪೆನಿಯ ವ್ಯವಹಾರವನ್ನು ವಿಚಾರಣೆ ಮಾಡಿಸಿತು. ಐದು ವರ್ಷಗಳ ಹಿಂದೆ ಅಘೋರನಾಥರು ಕೇಳಿದ್ದ ಬಗೆಯ ಪ್ರಶ್ನೆಗಳನ್ನೇ ಈಗ ಪಾರ್ಲಿಮೆಂಟಿನ ಸದಸ್ಯರು ಕೇಳಿದರು. ಆಗ ಕೇಳಿದವರನ್ನು ಗಡೀಪಾರು ಮಾಡಿದ್ದರಿಂದ ಉಳಿದದ್ದೇನು, ಕಳೆದದ್ದೇನು ಎಂಬುದನ್ನು ಓದುಗರೇ ಊಹಿಸಬಹುದು. ಕಲಬುರಗಿ, ಬೀದರ, ರಾಯಚೂರುಗಳ ರೈತನಿಗೆ ಷೇರು ಎಂದರೇನೆಂದೇ ತಿಳಿದಿರಲಿಲ್ಲ. ಆದರೂ ಬೊಕ್ಕಸವನ್ನು ತುಂಬಿದ್ದು ಅಂಥವರ ಕಂದಾಯ. ಹನ್ನೆರಡು ಪೌಂಡಿನ ಆ ಬೆಲೆಯಲ್ಲಿ ಅವನ ಜೋಳದ ರಾಶಿಯೂ ಒಂದಿಷ್ಟು ಇತ್ತು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಸಿಂಗರೇಣಿಯ ಕಲ್ಲಿದ್ದಲು ಸುಳ್ಳಾಗಿರಲಿಲ್ಲ. ನೆಲದ ಕೆಳಗೆ ಅದು ನಿಜವಾಗಿಯೂ ಇತ್ತು, ಗಣಿ ನಡೆಯಿತು, ಕಲ್ಲಿದ್ದಲು ರೈಲುಗಳನ್ನು ಓಡಿಸಿತು. 1920ರಲ್ಲಿ ಸಿಂಗರೇಣಿ ಕಾಲಿಯರೀಸ್ ಕಂಪೆನಿ ಸ್ಥಾಪನೆಯಾಗಿ ಹಳೆಯ ಕಂಪೆನಿಯ ಸೊತ್ತನ್ನೆಲ್ಲ ವಹಿಸಿಕೊಂಡಿತು. 1945ರಲ್ಲಿ ಹೈದರಾಬಾದ್ ಸರ್ಕಾರವು ಅದರ ಹೆಚ್ಚಿನ ಪಾಲನ್ನು ಕೊಂಡುಕೊಂಡಿತು. ಇಂದಿಗೂ ಆ ಗಣಿಗಳು ನಡೆಯುತ್ತಿವೆ. ಹಾಗಾದರೆ ಸರಕು ಒಳ್ಳೆಯದಾಗಿಯೂ ಬೆಲೆ ಕೆಟ್ಟದ್ದಾಗಿರಬಹುದು. ಕಂಪೆನಿ ಒಳ್ಳೆಯದು ಎಂಬ ಮಾತ್ರಕ್ಕೆ ಅದರ ಷೇರಿಗೆ ಕೇಳಿದಷ್ಟು ಕೊಡಬಹುದು ಎಂದಾಗುವುದಿಲ್ಲ.

ಇದರ ವಿಪರ್ಯಾಸವೂ ನಮ್ಮ ನಾಡಿನಲ್ಲೇ ಉಂಟು. ಕೋಲಾರದಲ್ಲಿ 1880ರಲ್ಲಿ ಆರಂಭವಾದ ಮೈಸೂರು ಚಿನ್ನದ ಗಣಿ ಕಂಪೆನಿಯು ಕೆಲವೇ ವರ್ಷಗಳಲ್ಲಿ ಹಣವೆಲ್ಲ ಕರಗಿ ಮುಚ್ಚುವ ಸ್ಥಿತಿಗೆ ಬಂತು. ಷೇರು ಕೊಂಡವರು ಕೈಯಲ್ಲಿದ್ದುದನ್ನು ಕಾಗದವೆಂದೇ ಬಗೆದರು. ಆಗ ಜಾನ್ ಟೇಲರ್ ಸಂಸ್ಥೆಯ ಪ್ಲಮ್ಮರ್ ಎಂಬ ಗಣಿಗಾರನು, ಉಳಿದ ಅಲ್ಪ ಹಣದಲ್ಲಿ ಹಳೆಯ ಅಗೆತದ ಕೆಳಗೆ ಇನ್ನಷ್ಟು ಅಗೆದು ಚಾಂಪಿಯನ್ ಸಿರೆಯನ್ನು ಕಂಡನು. ನೆಲದೊಳಗಣ ಚಿನ್ನ ಬೆಲೆ ಬಿದ್ದಾಗಲೂ ಅಷ್ಟೇ ಇತ್ತು, ಏರಿದಾಗಲೂ ಅಷ್ಟೇ ಇತ್ತು. ಬದಲಾದದ್ದು ಜನರ ಅರಿವು. ಷೇರಿನ ಬೆಲೆ ಎಂಬುದು ವಸ್ತುವಿನ ತೂಕವಲ್ಲ. ಆ ವಸ್ತುವನ್ನು ಕುರಿತು ಆ ಹೊತ್ತಿನಲ್ಲಿ ಹಣ ಹಿಡಿದು ನಿಂತ ಕೆಲವರ ಅಭಿಪ್ರಾಯ. ಕೆಲವರು ಎಂದರೆ ಎಷ್ಟು ಜನ ಎಂಬುದೇ ಮುಖ್ಯ.

ಮತ್ತೆ ನಮ್ಮ ಊರುಗಳಿಗೆ ಬರೋಣ. ಶಹಾಬಾದಿನ ಹಾಸುಗಲ್ಲಿಗೆ ಹೆಸರಾದ ಈ ನೆಲದ ಸುಣ್ಣದಕಲ್ಲು ಸಿಮೆಂಟಿನ ಕಾರ್ಖಾನೆಗಳನ್ನು ಕರೆತಂದಿತು. ಶಹಾಬಾದ್ ಸಿಮೆಂಟ್ ಕಂಪೆನಿಯು 1936ರಲ್ಲಿ ಇತರ ಸಿಮೆಂಟ್ ಕಂಪೆನಿಗಳೊಡನೆ ಕೂಡಿ ಎ.ಸಿ.ಸಿ. ಆಯಿತು. ವಾಡಿಯಲ್ಲಿ ಅದೇ ಸಂಸ್ಥೆಯ ಕಾರ್ಖಾನೆ 1968ರಲ್ಲಿ ಬಂತು. ಅನಂತರ ಮಳಖೇಡದಲ್ಲಿ, ಸೇಡಂನಲ್ಲಿ, ಚಿತ್ತಾಪುರ ಚಿಂಚೋಳಿ ತಾಲ್ಲೂಕುಗಳಲ್ಲಿ ಒಂದಾದ ಮೇಲೊಂದು ಹುಟ್ಟಿದವು. ನೃಪತುಂಗನ ರಾಜಧಾನಿಯ ಆಸುಪಾಸಿನಲ್ಲಿ ಇಂದು ದೂರಕ್ಕೆ ಕಾಣುವುದು ಈ ಚಿಮಣಿಗಳೇ. ಚಿಮಣಿ ನಮ್ಮ ಕಣ್ಣಿಗೆ ಬೀಳುತ್ತದೆ, ಕಂಪೆನಿ ಬೀಳುವುದಿಲ್ಲ. ಇದರಿಂದ ಹೊಸದೊಂದು ಗೊಂದಲ ಹುಟ್ಟಿತು.

ಸೇಡಂನ ವಾಸವದತ್ತಾ ಕಾರ್ಖಾನೆಯನ್ನು ಯಾರು ಅರಿಯರು? ಭಾಸಕವಿಯ ನಾಟಕದಲ್ಲಿ ವಾಸವದತ್ತೆಯು ಬೆಂಕಿಯಲ್ಲಿ ತೀರಿಹೋದಳೆಂದು ಎಲ್ಲರೂ ನಂಬುತ್ತಾರೆ. ಆಕೆ ಬೇರೊಂದು ಮನೆಯಲ್ಲಿ ಬೇರೊಂದು ಹೆಸರಿನಲ್ಲಿ ಕ್ಷೇಮವಾಗಿರುತ್ತಾಳೆ. ಹೆಸರಿಗೆ ತಕ್ಕ ಕಥೆಯೇ ನಡೆಯಿತು. ಈ ಕಾರ್ಖಾನೆ ಕೇಸೋರಾಂ ಕಂಪೆನಿಯದಾಗಿತ್ತು. 2025ರ ಮಾರ್ಚಿಯಲ್ಲಿ ಆ ಕಂಪೆನಿಯ ಸಿಮೆಂಟ್ ವ್ಯವಹಾರವೆಲ್ಲ ಬೇರ್ಪಟ್ಟು ಅಲ್ಟ್ರಾಟೆಕ್ ಕಂಪೆನಿಯನ್ನು ಸೇರಿತು. ಕೇಸೋರಾಂನ 52 ಷೇರುಗಳನ್ನು ಹೊಂದಿದ್ದವರಿಗೆ ಅಲ್ಟ್ರಾಟೆಕ್ಕಿನ 1 ಷೇರು ಎಂಬುದು ಹಂಚಿಕೆಯ ಕ್ರಮ. ಸಿಮೆಂಟನ್ನು ಕಳೆದುಕೊಂಡ ಹಳೆಯ ಷೇರಿನ ಬೆಲೆ ಪರದೆಯ ಮೇಲೆ ಒಮ್ಮೆಗೇ ಪಾತಾಳಕ್ಕೆ ಇಳಿದಂತೆ ಕಂಡಿತು. ನೂರಕ್ಕೆ ತೊಂಬತ್ತು ಹೋಯಿತೆಂದು ಗಾಬರಿಗೊಳ್ಳುವುದಕ್ಕೂ, ಇಷ್ಟು ಅಗ್ಗವಾಯಿತಲ್ಲ ಎಂದು ಕೊಳ್ಳಲು ಓಡುವುದಕ್ಕೂ ಅದು ಅವಕಾಶ ಕೊಟ್ಟಿತು. ಎರಡೂ ತಪ್ಪು. ಆಗ ಅಲ್ಟ್ರಾಟೆಕ್ಕಿನ ಒಂದು ಷೇರಿಗೆ ಹತ್ತು ಸಾವಿರ ರೂಪಾಯಿಗೂ ಮೇಲೆ ಬೆಲೆಯಿತ್ತು. ಅದನ್ನು 52ರಿಂದ ಭಾಗಿಸಿದರೆ ಹಳೆಯ ಒಂದೊಂದು ಷೇರಿನಿಂದ ಸುಮಾರು ಇನ್ನೂರು ರೂಪಾಯಿನ ಮೌಲ್ಯ ಹೊಸ ಮನೆಗೆ ಹೋದಂತಾಯಿತು. ಸುಣ್ಣದಕಲ್ಲು ಕದಲಲಿಲ್ಲ, ಚಿಮಣಿ ಕದಲಲಿಲ್ಲ. ಪಾಲುಪತ್ರದ ಮೇಲಿನ ಹೆಸರು ಕದಲಿತು. ಸಂಖ್ಯೆಯನ್ನು ಕಂಡವನು ಅದರ ಹಿಂದಿನ ಕಾರಣವನ್ನು ಕೇಳದೆ ಹೋದರೆ ಉದಯನನಂತೆ ವೃಥಾ ಶೋಕಿಸಬೇಕಾಗುತ್ತದೆ.

ಅಬ್ದುಲ್ ಹಕ್ಕರ ಕಾಲದಲ್ಲಿ ಇಲ್ಲದ ಕಾವಲು ಇಂದು ಇದೆ ಎಂಬುದನ್ನೂ ಹೇಳಬೇಕು. 1988ರಲ್ಲಿ ಹುಟ್ಟಿ 1992ರಲ್ಲಿ ಶಾಸನಬಲವನ್ನು ಪಡೆದ ಸೆಬಿ ಸಂಸ್ಥೆ ಷೇರುಪೇಟೆಗಳ ಮೇಲೆ ಕಣ್ಣಿಟ್ಟಿದೆ. ಪಟ್ಟಿಯಲ್ಲಿರುವ ಕಂಪೆನಿಯ ಷೇರುಗಳಲ್ಲಿ ನೂರಕ್ಕೆ ಇಪ್ಪತ್ತೈದಾದರೂ ಸಾರ್ವಜನಿಕರ ಕೈಯಲ್ಲಿರಬೇಕೆಂಬುದು ಸಾಮಾನ್ಯ ನಿಯಮ. ಎಂಬತ್ತೈದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹಾಗೆಯೇ ಮುಂದುವರಿಯುವುದು ಈಗ ಸುಲಭವಲ್ಲ. ಒಂದು ದಿನದಲ್ಲಿ ಬೆಲೆ ಇಷ್ಟಕ್ಕಿಂತ ಹೆಚ್ಚು ಏರಬಾರದು, ಇಳಿಯಬಾರದು ಎಂದು ನೂರಕ್ಕೆ ಎರಡು, ಐದು, ಹತ್ತು, ಇಪ್ಪತ್ತರ ಕಟ್ಟುಗಳಿವೆ. ಕೊಂಡ ಮಾರನೆಯ ವ್ಯವಹಾರದ ದಿನವೇ ಲೆಕ್ಕ ಚುಕ್ತಾ ಆಗುವ ಕ್ರಮ 2023ರ ಜನವರಿಯಿಂದ ಪೂರ್ಣವಾಗಿ ಜಾರಿಗೆ ಬಂದಿದೆ. ಸಣ್ಣ ಉದ್ಯಮಗಳಿಗಾಗಿ 2012ರಲ್ಲಿ ಮುಂಬಯಿಯಲ್ಲಿ ಬೇರೆ ಅಂಗಣಗಳೇ ತೆರೆದವು. ಅಲ್ಲಿ ಷೇರುಗಳನ್ನು ಒಂದೊಂದಾಗಿ ಅಲ್ಲ, ನಿಗದಿಯಾದ ಗಂಟುಗಳಲ್ಲೇ ಕೊಳ್ಳಬೇಕು. ಪಟ್ಟಿಗೆ ಬಂದ ಮೊದಲ ಮೂರು ವರ್ಷ ಕೊಳ್ಳುವ, ಮಾರುವ ಎರಡು ಬೆಲೆಗಳನ್ನೂ ಹೇಳುವ ವರ್ತಕನೊಬ್ಬನು ಇರಲೇಬೇಕೆಂಬ ಕಟ್ಟಳೆಯೂ ಇದೆ. ಲಂಡನ್ನಿನ ಜಾಬರನ ಮೊಮ್ಮಗ ಎನ್ನಬಹುದು.

ಆದರೆ ಕಾವಲುಗಾರನು ಗಿರಾಕಿಯನ್ನು ಹುಟ್ಟಿಸಲಾರನು. ಬೆಲೆ ಇಳಿಯದಂತೆ ಕಟ್ಟು ಹಾಕಿದ ದಿನ, ಆ ಬೆಲೆಗೆ ಕೊಳ್ಳುವವರು ಯಾರೂ ಇಲ್ಲದಿದ್ದರೆ, ಮಾರುವವನು ಬಾಗಿಲು ಹಾಕಿದ ಮನೆಯೊಳಗೆ ಕುಳಿತಂತೆಯೇ. ಎರಡು ಬೆಲೆಗಳ ನಡುವಿನ ಅಂತರವು ನೂರಕ್ಕೆ ಹತ್ತೋ ಇಪ್ಪತ್ತೋ ಇರುವ ಷೇರನ್ನು ಕೊಂಡವನು, ಕೊಂಡ ಕ್ಷಣದಲ್ಲೇ ಅಷ್ಟನ್ನು ಕಳೆದುಕೊಂಡಿರುತ್ತಾನೆ. ಅವನಿಗೆ ಅದು ತಿಳಿಯುವುದು ಮಾರುವ ದಿನ. ಪರದೇಶದ ಸರಕಿಗೂ ನೂರಕ್ಕೆ ಹತ್ತನ್ನು ಮೀರಬಾರದೆಂದು ಬರೆದ ಸ್ಮೃತಿಕಾರನು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ!

ಆದುದರಿಂದ ಅಲ್ಪ ಉಳಿತಾಯದವರು ಸಣ್ಣ ಕಂಪೆನಿಯ ಪಾಲನ್ನು ಕೊಳ್ಳುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಕಡೆಯ ಬೆಲೆ ಎಷ್ಟು ಎಂಬುದಲ್ಲ. ಈಗ ಕೊಳ್ಳಲು ಎಷ್ಟು ಜನ, ಎಷ್ಟು ಷೇರಿಗೆ, ಯಾವ ಬೆಲೆಗೆ ನಿಂತಿದ್ದಾರೆ? ದಿನಕ್ಕೆ ಎಷ್ಟು ಷೇರು ಕೈ ಬದಲಾಗುತ್ತವೆ? ಹೊರಗೆ ಓಡಾಡುವ ಷೇರುಗಳು ಎಷ್ಟು, ಒಡೆಯರ ಪೆಟ್ಟಿಗೆಯಲ್ಲಿ ಎಷ್ಟು? ಕೊಳ್ಳಿ ಎಂದು ಹೇಳುತ್ತಿರುವವನು ತಾನೇ ಮಾರುತ್ತಿಲ್ಲವಷ್ಟೆ? ಮಾರುವಾಗಲಂತೂ ಬಂದ ಬೆಲೆಗೆ ಎಂದು ಹೇಳದೆ, ಇದಕ್ಕಿಂತ ಕಡಮೆಗೆ ಬೇಡ ಎಂದು ಗೆರೆ ಹಾಕಬೇಕು. ಗೆರೆ ಹಾಕಿದರೆ ಷೇರು ಮಾರಿಹೋಗದೆ ಉಳಿಯಬಹುದು, ನಿಜ. ಹಾಗೆ ಉಳಿಯುವುದನ್ನು ತಾಳಲಾರದ ಹಣವನ್ನು, ಎಂದರೆ ಮುಂದಿನ ತಿಂಗಳ ಶುಲ್ಕದ ಹಣವನ್ನು, ಇಂಥ ಕಡೆ ಇಡಲೇಬಾರದು.

ನನ್ನ ಮಿತ್ರರಿಗೆ ಇದನ್ನೆಲ್ಲ ನಾನು ಮೊದಲೇ ಹೇಳಿದ್ದೆನೆಂದೇನೂ ಅಲ್ಲ. ನನಗೂ ಗೊತ್ತಿರಲಿಲ್ಲ. ಅವರ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಮಿತಾಕ್ಷರೆಯ ಪುಟವೂ ಹೈದರಾಬಾದಿನ ಕಥೆಯೂ ಎದುರಾದವು. ಅವರು ಕಡಮೆ ಬಿದ್ದ ಹಣವನ್ನು ಸಾಲ ತಂದು ಮಗಳ ಶುಲ್ಕ ಕಟ್ಟಿದರು. ಹುಡುಗಿ ಈಗ ಪ್ರತಿ ಸೋಮವಾರ ಬೆಳಗ್ಗೆ ಸೇಡಂನಲ್ಲಿ ಗಾಡಿ ಹತ್ತಿ ಕಾಲೇಜಿಗೆ ಹೋಗುತ್ತಾಳೆ. 1874ರಲ್ಲಿ ತೆರೆದ ಅದೇ ಹಾದಿಯ ಮೇಲೆ. ತಂದೆಯವರು ಎಂಟನೆಯ ತರಗತಿಗೆ ಲಾಭ ನಷ್ಟದ ಪಾಠ ಹೇಳುವಾಗ ಈಚೆಗೆ ಒಂದು ಹೊಸ ಲೆಕ್ಕವನ್ನು ಸೇರಿಸಿದ್ದಾರೆ. ಕೊಳ್ಳುವವರು ಮೂವರು, ಬೆಲೆಗಳು ಮೂರು, ಷೇರುಗಳು ಎರಡು ಸಾವಿರ. ಉತ್ತರ 96,600 ಎಂದು ಮಕ್ಕಳು ಸರಿಯಾಗಿಯೇ ಹೇಳುತ್ತಾರಂತೆ.